ರಾಫ್ಟ್ ಗೇಮಿನಲ್ಲಿ ತೆಪ್ಪ ನಿಲ್ಲಿಸುವುದು ಹೇಗೆ: ಲಂಗರು ಎಲ್ಲಿ, ಯಾವಾಗ, ಯಾವ ಕಡೆ

ರಾಫ್ಟ್ ಅಂದರೆ ಸಮುದ್ರದ ಮಧ್ಯೆ ಒಂದು ತೆಪ್ಪದ ಮೇಲೆ ಬದುಕುಳಿಯುವ ಕಂಪ್ಯೂಟರ್ ಗೇಮ್. ಅದನ್ನು ಆಡಲು ಶುರು ಮಾಡಿದವರಿಗೆಲ್ಲ ಒಂದಲ್ಲ ಒಂದು ದಿನ ಇದು ಆಗಿಯೇ ಆಗುತ್ತದೆ. ದೂರದಲ್ಲಿ ಒಂದು ಪುಟ್ಟ ದ್ವೀಪ ಕಾಣುತ್ತದೆ. ಎರಡು ತೆಂಗಿನ ಮರ, ಸ್ವಲ್ಪ ಮರಳು, ಸುತ್ತ ತಿಳಿ ನೀರು. ಖುಷಿಯಾಗಿ ಹಾರುತ್ತೀರಿ. ಅದಿರು ಕೀಳುತ್ತೀರಿ, ಜೇಡಿಮಣ್ಣು ತೆಗೆಯುತ್ತೀರಿ, ಉಸಿರು ಸಾಲದೆ ಮೇಲೆ ಬಂದು ತಲೆ ಎತ್ತಿ ನೋಡಿದರೆ ತೆಪ್ಪ ಇಲ್ಲ. ಇದೆ, ಆದರೆ ಇಷ್ಟೇ ಇಷ್ಟು ಕಾಣುವಷ್ಟು ದೂರ ಹೋಗಿದೆ, ಅದರ ಮತ್ತು ನಿಮ್ಮ ಮಧ್ಯೆ ಒಂದು ರೆಕ್ಕೆ ನೀರು ಸೀಳಿಕೊಂಡು ಸುತ್ತುತ್ತಿದೆ.

ನನ್ನ ಮೊದಲ ಆಟ ಮುಗಿದದ್ದು ಹೀಗೇ. ಕೈತುಂಬ ಕಬ್ಬಿಣದ ಅದಿರು ಇತ್ತು, ಅದನ್ನು ಹೊತ್ತುಕೊಂಡು ತೆಪ್ಪದ ಹಿಂದೆ ಈಜಿ ಈಜಿ, ಕೊನೆಗೆ ಶಾರ್ಕಿನ ಊಟವಾದೆ. ತಪ್ಪು ಶಾರ್ಕಿನದಲ್ಲ. ಲಂಗರು ಅಂತ ಒಂದು ಸಾಮಾನು ಇದೆ ಅಂತ ಗೊತ್ತಿದ್ದರೂ, "ಐದೇ ನಿಮಿಷ ಅಲ್ವಾ, ಬೇಗ ಬಂದುಬಿಡ್ತೀನಿ" ಅಂತ ಹಾರಿದ್ದು ನಾನೇ.

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಲಂಗರು ಮಾಡುವುದು ಸುಲಭ, ಎಸೆಯುವುದು ಇನ್ನೂ ಸುಲಭ. ಕಷ್ಟ ಇರುವುದು ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲಿ. ಅದನ್ನು ಜಾಸ್ತಿ ಜನ ಯೋಚಿಸುವುದೇ ಇಲ್ಲ, ದ್ವೀಪ ಹತ್ತಿರ ಬಂತು ಅಂದ ಕೂಡಲೇ ಎಸೆದುಬಿಡುತ್ತಾರೆ, ಆಮೇಲೆ ಹೊರಡುವಾಗ ತೆಪ್ಪ ಬಂಡೆಗೆ ಸಿಕ್ಕಿಕೊಂಡು ಒದ್ದಾಡುತ್ತಾರೆ.

ತೆಪ್ಪ ತಾನಾಗಿ ನಿಲ್ಲುವುದಿಲ್ಲ

ಆಟ ಶುರುವಾಗುವಾಗ ನಿಮ್ಮ ಹತ್ತಿರ ಇರುವುದು ನಾಲ್ಕು ಚೌಕದ ತೆಪ್ಪ, ತೇಲಿ ಬರುವ ಸಾಮಾನು ಎಳೆದುಕೊಳ್ಳಲು ಒಂದು ಪ್ಲಾಸ್ಟಿಕ್ ಹುಕ್, ಅಷ್ಟೇ. ಅವತ್ತಿನಿಂದ ತೆಪ್ಪ ಸಾಗುತ್ತಲೇ ಇರುತ್ತದೆ. ನೀವು ಅಡುಗೆ ಮಾಡುತ್ತಿದ್ದರೂ ಸಾಗುತ್ತದೆ, ಸುಮ್ನೆ ನಿಂತಿದ್ದರೂ ಸಾಗುತ್ತದೆ. ಹಾಯಿ ಕಟ್ಟಿದ ಮೇಲೆ ಹೊಸಬರು ಒಂದು ತಪ್ಪು ಲೆಕ್ಕ ಹಾಕುತ್ತಾರೆ: ಹಾಯಿ ಮಡಚಿದರೆ ತೆಪ್ಪ ನಿಲ್ಲುತ್ತದೆ ಅಂತ. ನಿಲ್ಲುವುದಿಲ್ಲ. ಹಾಯಿ ದಿಕ್ಕು ಕೊಡುತ್ತದೆ, ಒಂದಿಷ್ಟು ವೇಗ ಕೊಡುತ್ತದೆ. ಅದನ್ನು ಮಡಚಿದರೆ ತೆಪ್ಪ ಮತ್ತೆ ಮೊದಲಿನ ಹಾಗೆ ತನ್ನ ಪಾಡಿಗೆ ತೇಲಿಕೊಂಡು ಹೋಗುತ್ತದೆ. ಎಂಜಿನ್ ಆಫ್ ಮಾಡಿದರೂ ಇದೇ ಕಥೆ.

ನಿಲ್ಲಿಸುವುದಕ್ಕೆ ಇರುವ ಸರಿಯಾದ ದಾರಿ ಒಂದೇ, ಲಂಗರು. ಆಟದಲ್ಲಿ ಮುಖ್ಯವಾಗಿ ಎರಡು ಥರದ್ದು ಬಳಕೆಗೆ ಬರುತ್ತದೆ. ಒಂದು ಕೈಯಲ್ಲಿ ಹಿಡಿದು ಎಸೆಯುವುದು, ಒಂದೇ ಸಲಕ್ಕೆ. ಇನ್ನೊಂದು ತೆಪ್ಪಕ್ಕೇ ಜೋಡಿಸುವ ಖಾಯಂ ಲಂಗರು, ಬೇಕಾದಾಗ ಇಳಿಸಬಹುದು, ಬೇಕಾದಾಗ ಎತ್ತಬಹುದು.

ಲಂಗರೇ ಇಲ್ಲದಾಗ

ಇಲ್ಲೊಂದು ತಮಾಷೆ ಇದೆ. ಎಸೆಯುವ ಲಂಗರು ಮಾಡಲು ಕಲ್ಲು ಬೇಕು, ಹಗ್ಗ ಬೇಕು. ಹಗ್ಗದ ಚಿಂತೆ ಇಲ್ಲ, ತೇಲಿ ಬರುವ ತೆಂಗಿನ ಗರಿ ಎರಡು ಸೇರಿಸಿದರೆ ಒಂದು ಹಗ್ಗ. ಕಲ್ಲು ಮಾತ್ರ ಗರಿಯ ಹಾಗೆ ತೇಲಿ ಬರುವುದಿಲ್ಲ. ಕಲ್ಲು ಸಿಗುವುದು ದ್ವೀಪದ ಸುತ್ತ ನೀರಿನ ಅಡಿಯಲ್ಲಿ. ಅಂದರೆ ದ್ವೀಪದಲ್ಲಿ ನಿಲ್ಲಲು ಲಂಗರು ಬೇಕು, ಲಂಗರು ಬೇಕೆಂದರೆ ಮೊದಲು ದ್ವೀಪಕ್ಕೆ ಇಳಿಯಬೇಕು!

ಹಾಗಾಗಿ ಮೊದಲ ದ್ವೀಪವನ್ನು ಪೂರ್ತಿ ಬಾಚಿಕೊಳ್ಳುವ ಆಸೆ ಬಿಡಿ. ತೆಪ್ಪ ಪಕ್ಕದಲ್ಲಿ ಹಾದುಹೋಗುವಾಗ ಅದು ಹೋಗುವ ದಿಕ್ಕಿಗೆ, ತೆಪ್ಪಕ್ಕಿಂತ ಮುಂದೆ ಹಾರಿ. ಹಿಂದೆ ಅಲ್ಲ, ಮುಂದೆ. ನೀವು ಮುಂದೆ ಹಾರಿ ಕಲ್ಲು ಕೀಳುತ್ತಿದ್ದರೆ ತೆಪ್ಪ ನಿಮ್ಮ ಕಡೆಗೇ ಬರುತ್ತಿರುತ್ತದೆ, ಎರಡು ಮೂರು ಕಲ್ಲು ಕಿತ್ತು ಮೇಲೆ ಬಂದರೆ ಅದು ಪಕ್ಕದಲ್ಲೇ ಇರುತ್ತದೆ, ಹತ್ತಿಕೊಳ್ಳಿ. ಹಿಂದೆ ಹಾರಿದರೆ ಪ್ರತಿ ಸೆಕೆಂಡೂ ಅದು ನಿಮ್ಮಿಂದ ದೂರ ಹೋಗುತ್ತಿರುತ್ತದೆ. ಇದು ಇಷ್ಟು ಸರಳ, ಆದರೂ ನಾನು ಎರಡನೇ ಆಟದಲ್ಲೂ ಹಿಂದೆಯೇ ಹಾರಿದ್ದೆ.

ಹುಟ್ಟು ಇದ್ದರೆ ಇನ್ನೂ ಒಳ್ಳೆಯದು. ದ್ವೀಪ ದೂರದಲ್ಲಿ ಕಂಡಾಗಲೇ ಹುಟ್ಟು ಹಾಕಲು ಶುರು ಮಾಡಿ, ತೆಪ್ಪವನ್ನು ದ್ವೀಪಕ್ಕೆ ತಾಗುವ ಹಾಗೆ ತನ್ನಿ. ಕೆಲವು ಸಲ ಅದು ಮರಳಿನ ದಿಬ್ಬಕ್ಕೋ ಬಂಡೆಗೋ ಒರಗಿ ನಿಂತುಬಿಡುತ್ತದೆ. ಹಾಯಿ ಇದ್ದವರು ಹಾಯಿಯನ್ನು ದ್ವೀಪದ ಕಡೆಗೇ ಬಿಚ್ಚಿಟ್ಟು ತೆಪ್ಪವನ್ನು ಬಂಡೆಗೆ ಒತ್ತಿ ಹಿಡಿಸುವುದೂ ಉಂಟು. ಕೆಲಸ ಮಾಡುತ್ತದೆ, ಆದರೆ ನಂಬಬೇಡಿ. ಒರಗಿದ ತೆಪ್ಪ ನಿಧಾನವಾಗಿ ಜಾರುತ್ತಾ ಜಾರುತ್ತಾ ಮೂಲೆ ತಲುಪಿದ ಕೂಡಲೇ ಬಿಡಿಸಿಕೊಂಡು ಹೊರಟುಬಿಡುತ್ತದೆ. ಇದನ್ನು ಮಾಡಿದರೆ ಪ್ರತಿ ಸಲ ಉಸಿರಿಗೆ ಮೇಲೆ ಬಂದಾಗಲೂ ಒಮ್ಮೆ ತೆಪ್ಪ ಎಲ್ಲಿದೆ ನೋಡಿಕೊಳ್ಳಿ.

ಎಸೆಯುವ ಲಂಗರು

ಕಲ್ಲು ಸೇರಿದ ಮೇಲೆ ಮೊದಲು ಮಾಡಬೇಕಾದದ್ದು ಇದು. ಕೊಡಲಿಗಿಂತ ಮೊದಲಾ ಅಂತ ಕೇಳಬೇಡಿ, ಅದು ನಿಮ್ಮ ಇಷ್ಟ, ಆದರೆ ಎರಡನೇ ದ್ವೀಪ ಕಾಣುವಷ್ಟರಲ್ಲಿ ಒಂದು ಲಂಗರು ಕೈಯಲ್ಲಿ ಇರಲಿ. ಕೈಯಲ್ಲಿ ಹಿಡಿದು, ನೀರಿನ ಕಡೆ ಮುಖ ಮಾಡಿ ಎಸೆಯಬೇಕು. ಮುಳುಗುತ್ತದೆ, ತೆಪ್ಪ ನಿಲ್ಲುತ್ತದೆ. ಹೊರಡುವಾಗ ಅದನ್ನು ಬಿಡಿಸಿದರೆ ಅಲ್ಲಿಗೆ ಅದರ ಆಯಸ್ಸು ಮುಗಿಯಿತು, ಸಾಮಾನು ವಾಪಸ್ ಸಿಗುವುದಿಲ್ಲ.

ಇಲ್ಲಿ ಒಂದು ಲೆಕ್ಕಾಚಾರ ಬರುತ್ತದೆ. ಪ್ರತಿ ಸಲ ಕಲ್ಲು ಹಗ್ಗ ಹೋಗುತ್ತದೆ ಅಂದಮೇಲೆ ಕಂಡ ಕಂಡ ದ್ವೀಪಕ್ಕೆಲ್ಲ ಎಸೆಯುತ್ತಾ ಹೋದರೆ ಗಿಟ್ಟುವುದಿಲ್ಲ ಅನ್ನಿಸಬಹುದು. ನನಗೂ ಅನ್ನಿಸಿತ್ತು, ಜಿಪುಣತನ ಮಾಡಿ ಒಂದು ಲಂಗರನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಿಕೊಂಡು ನಾಲ್ಕು ದ್ವೀಪ ಹಾಗೇ ಬಿಟ್ಟೆ. ಆಮೇಲೆ ಕೂತು ಯೋಚಿಸಿದರೆ, ನಿಂತು ನಿಧಾನವಾಗಿ ಬಾಚಿದ ಒಂದು ಸಣ್ಣ ದ್ವೀಪದಲ್ಲಿ ಇನ್ನೊಂದು ಲಂಗರಿಗೆ ಬೇಕಾದ ಕಲ್ಲು ಸಿಕ್ಕೇ ಸಿಗುತ್ತದೆ, ಅದರ ಮೇಲೆ ಮರಳು, ಜೇಡಿಮಣ್ಣು, ಕಬ್ಬಿಣ, ತಾಮ್ರ, ಗುಜರಿ ಎಲ್ಲ ಲಾಭ. ಹಾಗಾಗಿ ನಿಯಮ ಹೀಗಿಟ್ಟುಕೊಳ್ಳಿ: ಲಂಗರು ಎಸೆದ ಪ್ರತಿ ದ್ವೀಪದಿಂದ ಮುಂದಿನ ಲಂಗರಿನ ಕಲ್ಲನ್ನು ಮೊದಲು ಎತ್ತಿಡಿ, ಆಮೇಲೆ ಉಳಿದದ್ದು. ಆಗ ಯಾವತ್ತೂ ಖಾಲಿ ಕೈ ಆಗುವುದಿಲ್ಲ. ಮರ ಒಂದೋ ಎರಡೋ ಇರುವ, ನೀರಿನಡಿ ಏನೂ ಹೊಳೆಯದ ಬರೀ ಮರಳು ದಿಬ್ಬ ಆದರೆ ಬಿಟ್ಟುಬಿಡಿ, ಹಾದುಹೋಗುವಾಗ ಹುಕ್ ಎಸೆದು ಸಿಕ್ಕಿದ್ದು ತೆಗೆದುಕೊಳ್ಳಿ ಸಾಕು.

ಎಸೆದ ಕೂಡಲೇ ಹಾರಬೇಡಿ. ಒಂದು ಕ್ಷಣ ನಿಂತು ತೆಪ್ಪ ನಿಜವಾಗಿ ನಿಂತಿತಾ ನೋಡಿ. ದ್ವೀಪದ ಮೇಲಿನ ಒಂದು ಮರವನ್ನು ಗುರುತಿಟ್ಟುಕೊಳ್ಳಿ, ಅದು ತೆಪ್ಪದ ಯಾವುದಾದರೂ ಕಂಬದ ನೇರಕ್ಕೆ ಬರುವ ಹಾಗೆ ನಿಂತು ನೋಡಿ, ಮರ ಸರಿದರೆ ತೆಪ್ಪ ಇನ್ನೂ ಸಾಗುತ್ತಿದೆ ಅಂತ ಅರ್ಥ. ಇದು ಆಟದ ಕಿವಿಮಾತಲ್ಲ, ನಿಜವಾದ ಹಡಗಿನವರೂ ಲಂಗರು ಹಿಡಿದಿದೆಯಾ ಅಂತ ನೋಡುವುದು ಹೀಗೆಯೇ, ದಡದ ಮೇಲಿನ ಎರಡು ಗುರುತು ಒಂದೇ ಗೆರೆಯಲ್ಲಿ ಇವೆಯಾ ಅಂತ.

ನಿಜ ಸಮುದ್ರದ ಮಾತು ಬಂತು ಅಂತ ಇನ್ನೊಂದು ಹೇಳಿಬಿಡುತ್ತೇನೆ. ಅಲ್ಲಿ ಲಂಗರು ಹಿಡಿಯುವುದು ತೂಕದಿಂದ ಅಲ್ಲ, ಅದರ ಕೊಂಡಿ ನೆಲಕ್ಕೆ ಕಚ್ಚಿಕೊಳ್ಳುವುದರಿಂದ. ಕಚ್ಚಬೇಕಾದರೆ ಎಳೆತ ಮೇಲಕ್ಕಲ್ಲ, ಅಡ್ಡಕ್ಕೆ ಬರಬೇಕು, ಅದಕ್ಕೇ ನೀರಿನ ಆಳದ 5ರಿಂದ 7 ಪಟ್ಟು ಹಗ್ಗ ಬಿಡುತ್ತಾರೆ. ಆಳ ಜಾಸ್ತಿ ಇದ್ದು ನೆಲವೇ ಸಿಗದ ಕಡೆ ಬಟ್ಟೆಯ ಚೀಲದಂಥ ಇನ್ನೊಂದು ಥರದ ಲಂಗರನ್ನು ನೀರಿನಲ್ಲಿ ಬಿಡುತ್ತಾರೆ, ಅದು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ, ದೋಣಿಯ ಮೂತಿಯನ್ನು ಅಲೆಯ ಕಡೆ ಹಿಡಿದಿಡುತ್ತದೆ. ಆಟದಲ್ಲಿ ಇದು ಯಾವುದೂ ಇಲ್ಲ. ಹಗ್ಗದ ಉದ್ದ ನೀವು ಲೆಕ್ಕ ಹಾಕಬೇಕಿಲ್ಲ, ತೆಪ್ಪ ಎಷ್ಟೇ ದೊಡ್ಡದಿದ್ದರೂ ಒಂದು ಲಂಗರು ಸಾಕು. ಅರಮನೆ ಕಟ್ಟಿದ್ದೀನಿ, ನಾಲ್ಕು ಮೂಲೆಗೂ ಒಂದೊಂದು ಬೇಕಾ ಅಂತ ಕೇಳುವವರಿದ್ದಾರೆ. ಬೇಡ.

ಯಾವ ಕಡೆ ನಿಲ್ಲಿಸಬೇಕು

ಇದೇ ಮುಖ್ಯ ವಿಷಯ, ಸ್ವಲ್ಪ ನಿಧಾನವಾಗಿ ಓದಿ.

ದ್ವೀಪಕ್ಕೆ ಎರಡು ಕಡೆ ಇವೆ ಅಂದುಕೊಳ್ಳಿ. ತೆಪ್ಪ ತೇಲಿಕೊಂಡು ಬರುವಾಗ ಮೊದಲು ಸಿಗುವ ಕಡೆ ಒಂದು, ಅದನ್ನು ಎದುರು ಕಡೆ ಅನ್ನೋಣ. ದ್ವೀಪ ದಾಟಿದ ಮೇಲೆ ಸಿಗುವುದು ಹಿಂಬದಿ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ತಿಳಿಯಲು ಸ್ಟ್ರೀಮರ್ ಅಂತ ಒಂದು ಪಟ್ಟಿ ಸಿಗುತ್ತದೆ, ಅಗ್ಗದ ಸಾಮಾನು, ಒಂದು ಕಟ್ಟಿಡಿ. ಹಾಯಿಯ ಮುಂದೆ ಬೇಡ, ಕಾಣುವ ಹಾಗೆ ಎತ್ತರದಲ್ಲಿ.

ಎದುರು ಕಡೆ ಲಂಗರು ಹಾಕಿದರೆ ಏನಾಗುತ್ತದೆ? ಇಳಿದು ಹತ್ತುವುದು ಸುಲಭ. ಏನಾದರೂ ಎಡವಟ್ಟಾಗಿ ಲಂಗರು ಹೋದರೂ ತೆಪ್ಪ ದ್ವೀಪದ ಕಡೆಗೇ ಬಂದು ತಾಗುತ್ತದೆ, ನಿಮ್ಮನ್ನು ಬಿಟ್ಟು ಓಡಿಹೋಗುವುದಿಲ್ಲ, ಹೋದರೂ ಪಕ್ಕದಿಂದ ಜಾರಿ ಹೋಗುವಷ್ಟರಲ್ಲಿ ಹಿಡಿಯಲು ಸಮಯ ಸಿಗುತ್ತದೆ. ಆದರೆ ಹೊರಡುವಾಗ ತೊಂದರೆ. ಲಂಗರು ಎತ್ತಿದ ಮರುಗಳಿಗೆ ತೆಪ್ಪ ನೇರ ದ್ವೀಪಕ್ಕೆ ಹೋಗಿ ಒರಗುತ್ತದೆ. ಸಣ್ಣ ತೆಪ್ಪ ಆದರೆ ಹುಟ್ಟು ಹಾಕಿ, ಹಾಯಿ ತಿರುಗಿಸಿ ಬಿಡಿಸಿಕೊಳ್ಳಬಹುದು. ದೊಡ್ಡದಾದರೆ, ಎಂಜಿನ್ ಇಲ್ಲದಿದ್ದರೆ, ಬಂಡೆಯ ಸಂದಿಯಲ್ಲಿ ಮೂಲೆ ಸಿಕ್ಕಿಕೊಂಡರೆ, ಕಥೆ ಮುಗಿಯಿತು. ಅರ್ಧ ಗಂಟೆ ಹಾಯಿ ಆ ಕಡೆ ಈ ಕಡೆ ತಿರುಗಿಸುತ್ತಾ ಕೂತಿದ್ದೇನೆ ನಾನು, ಕೊನೆಗೆ ಸಿಕ್ಕಿಕೊಂಡಿದ್ದ ಎರಡು ಚೌಕವನ್ನು ಕೊಡಲಿಯಿಂದ ಒಡೆದೇ ಹೊರಡಬೇಕಾಯಿತು.

ಹಿಂಬದಿಯಲ್ಲಿ ಹಾಕಿದರೆ ಇದಕ್ಕೆ ತದ್ವಿರುದ್ಧ. ಹೊರಡುವುದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, ಎತ್ತಿದ ಕೂಡಲೇ ತೆಪ್ಪ ತಾನಾಗಿ ತೆರೆದ ಸಮುದ್ರಕ್ಕೆ ಸರಿಯುತ್ತದೆ. ಆದರೆ ಲಂಗರು ಹೋಯಿತೋ, ತೆಪ್ಪವೂ ಹೋಯಿತು, ತಡೆಯಲು ಮುಂದೆ ಏನೂ ಇಲ್ಲ. ಇನ್ನೊಂದು ತೊಂದರೆ, ಹಿಂಬದಿಗೆ ಬರಬೇಕಾದರೆ ದ್ವೀಪದ ಪಕ್ಕದಿಂದ ಹಾದು ಬರಬೇಕು, ಲಂಗರು ಎಸೆಯುವುದು ಒಂದು ಕ್ಷಣ ತಡವಾದರೂ ದೂರ ಹೋಗಿರುತ್ತೀರಿ.

ನನ್ನ ಅಭಿಪ್ರಾಯ ಹೀಗೆ. ತೆಪ್ಪ ಚಿಕ್ಕದಿರುವಾಗ, ಎಸೆಯುವ ಲಂಗರಿನ ಕಾಲದಲ್ಲಿ, ಎದುರು ಕಡೆಯೇ ಸರಿ. ಆಗ ಸಿಕ್ಕಿಕೊಂಡರೂ ಬಿಡಿಸಿಕೊಳ್ಳುವುದು ಸುಲಭ, ತೆಪ್ಪ ಕಳೆದುಕೊಳ್ಳುವ ಭಯವೇ ಜಾಸ್ತಿ. ತೆಪ್ಪ ದೊಡ್ಡದಾದ ಮೇಲೆ ಪಕ್ಕಕ್ಕೆ ಬನ್ನಿ. ಪೂರ್ತಿ ಹಿಂಬದಿ ಅಲ್ಲ, ಪಕ್ಕ. ದ್ವೀಪದ ಮಧ್ಯಭಾಗ ದಾಟುವ ಹೊತ್ತಿಗೆ ಲಂಗರು ಬೀಳಬೇಕು, ತೆಪ್ಪಕ್ಕೂ ದಡಕ್ಕೂ ಮಧ್ಯೆ ಕನಿಷ್ಠ ತೆಪ್ಪದ ಅರ್ಧದಷ್ಟು ಜಾಗ ಬಿಟ್ಟಿರಬೇಕು. ಸ್ವಲ್ಪ ಜಾಸ್ತಿ ಈಜಬೇಕಾಗುತ್ತದೆ ನಿಜ, ಆದರೆ ಹೊರಡುವಾಗ ಒಂದೂ ಬಂಡೆ ಅಡ್ಡ ಬರುವುದಿಲ್ಲ.

ಹತ್ತಿರ ಬರುವುದೂ ಒಂದು ಕಲೆ. ಹಾಯಿ ಬಿಚ್ಚಿಟ್ಟುಕೊಂಡೇ ದ್ವೀಪದ ಮೇಲೆ ಏರಿ ಬರಬೇಡಿ. ದೂರದಲ್ಲೇ ದಿಕ್ಕು ಸರಿಮಾಡಿ, ದ್ವೀಪದ ಮಧ್ಯಕ್ಕಲ್ಲ, ಅದರ ಅಂಚಿನಿಂದ ಸ್ವಲ್ಪ ಆಚೆಗೆ ಗುರಿ ಇಟ್ಟುಕೊಳ್ಳಿ. ಹತ್ತಿರ ಬಂದ ಹಾಗೆ ಹಾಯಿ ಮಡಚಿ. ಆಮೇಲೆ ತೆಪ್ಪ ನಿಧಾನವಾಗಿ ಸರಿದು ಬರುತ್ತದೆ, ಆಗ ನಿಮಗೆ ಯೋಚಿಸಲು ಸಮಯ ಸಿಗುತ್ತದೆ. ನೀರಿನ ಬಣ್ಣ ನೋಡಿ, ಕಡುನೀಲಿ ಹೋಗಿ ತಿಳಿಯಾದ ಕೂಡಲೇ ಕೆಳಗೆ ಮರಳು ಬಂಡೆ ಕಾಣಲು ಶುರುವಾಗುತ್ತದೆ, ಅಲ್ಲಿಂದ ಎಸೆಯಲು ಸಿದ್ಧವಾಗಿರಿ. ಒಂದು ವೇಳೆ ತಪ್ಪಿಹೋದರೆ ಹಟ ಮಾಡಬೇಡಿ. ಹಾಯಿ ಮಾತ್ರ ಇರುವಾಗ ಗಾಳಿಗೆ ಎದುರಾಗಿ ವಾಪಸ್ ಬರಲು ಆಗುವುದಿಲ್ಲ. ಮುಂದಿನ ದ್ವೀಪ ಬರುತ್ತದೆ.

ಖಾಯಂ ಲಂಗರು

ಕಬ್ಬಿಣ ಕರಗಿಸಲು ಶುರು ಮಾಡಿದ ಮೇಲೆ ನನ್ನ ಮೊದಲ ಗುರಿ ಯಾವಾಗಲೂ ಇದು. ಮರಳು ಮತ್ತು ಜೇಡಿಮಣ್ಣು ಸೇರಿಸಿ ಹಸಿ ಇಟ್ಟಿಗೆ ಮಾಡಿ, ತೆಪ್ಪದ ಮೇಲೆ ಇಟ್ಟು ಒಣಗಿಸಿ, ಆ ಇಟ್ಟಿಗೆಯಿಂದ ಕುಲುಮೆ ಕಟ್ಟಬೇಕು. ಕುಲುಮೆಗೆ ಅದಿರು ಹಾಕಿದರೆ ಲೋಹದ ಗಟ್ಟಿ ಬರುತ್ತದೆ, ಆ ಗಟ್ಟಿಯಿಂದ ಬೋಲ್ಟು, ಕೀಲು ಇತ್ಯಾದಿ. ಇವನ್ನು ರಿಸರ್ಚ್ ಟೇಬಲ್ಲಿನ ಮೇಲೆ ಒಂದೊಂದಾಗಿ ಇಟ್ಟು ಕಲಿಯುತ್ತಾ ಹೋದರೆ ಖಾಯಂ ಲಂಗರು ಪಟ್ಟಿಯಲ್ಲಿ ತೆರೆದುಕೊಳ್ಳುತ್ತದೆ. ಟೇಬಲ್ಲಿಗೆ ಕೊಟ್ಟದ್ದು ವಾಪಸ್ ಬರುವುದಿಲ್ಲ, ಆದ್ದರಿಂದ ಕಲಿಯುವುದಕ್ಕೊಂದು, ಮಾಡುವುದಕ್ಕೆ ಬೇರೆ ಅಂತ ಅದಿರನ್ನು ಸ್ವಲ್ಪ ಜಾಸ್ತಿಯೇ ಕೂಡಿಟ್ಟುಕೊಳ್ಳಿ.

ಮೊದಮೊದಲು ಸಿಗುವ ಲೋಹವನ್ನೆಲ್ಲ ಒಳ್ಳೆಯ ಕೊಡಲಿ, ಒಳ್ಳೆಯ ಈಟಿಗೆ ಸುರಿಯುವವರು ಜಾಸ್ತಿ. ನನ್ನ ಲೆಕ್ಕದಲ್ಲಿ ಲಂಗರು ಮೊದಲು. ಒಮ್ಮೆ ಅದು ಕೂತರೆ ಆಮೇಲೆ ಪ್ರತಿ ದ್ವೀಪದಲ್ಲೂ ಖರ್ಚಿಲ್ಲದೆ ನಿಲ್ಲಬಹುದು, ಆಗ ಲೋಹ ತಾನಾಗಿ ಬರುತ್ತದೆ.

ಇದನ್ನು ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಒಂದೆರಡು ಮಾತು. ತೆಪ್ಪದ ಅಂಚಿನಲ್ಲಿ, ನೀರಿನ ಕಡೆ ಮುಖ ಮಾಡಿ. ಆದರೆ ನೆನಪಿಡಿ, ಶಾರ್ಕ್ ಕಚ್ಚುವುದೂ ಅಂಚಿನ ಚೌಕಗಳನ್ನೇ. ಚೌಕ ಹೋದರೆ ಅದರ ಮೇಲಿದ್ದದ್ದೂ ಹೋಯಿತು. ಲಂಗರು ಇರುವ ಚೌಕವನ್ನೇ ಶಾರ್ಕ್ ಕಚ್ಚಿ ಒಡೆದರೆ ಎರಡು ನಷ್ಟ: ಕಷ್ಟಪಟ್ಟು ಮಾಡಿದ ಲಂಗರೂ ಇಲ್ಲ, ನಿಂತ ತೆಪ್ಪವೂ ಇಲ್ಲ. ಅದಕ್ಕೇ ಚೌಕಗಳಿಗೆ ಹಾಕುವ ಲೋಹದ ಕವಚ ಕಲಿತ ಕೂಡಲೇ ಮೊದಲ ಕವಚ ಈ ಚೌಕಕ್ಕೆ, ಎರಡನೆಯದು ಅದರ ಪಕ್ಕದ್ದಕ್ಕೆ. ಕವಚ ಹಾಕಿದ್ದನ್ನು ಶಾರ್ಕ್ ಮುಟ್ಟುವುದಿಲ್ಲ. ಪೂರ್ತಿ ತೆಪ್ಪಕ್ಕೆ ಕವಚ ಹಾಕಲು ಲೋಹ ಸಾಲದಿದ್ದರೂ ಈ ಒಂದಕ್ಕೆ ಸಾಲುತ್ತದೆ.

ಇನ್ನೊಂದು, ಹಾಯಿ ಅಥವಾ ಚುಕ್ಕಾಣಿ ಇರುವ ಜಾಗಕ್ಕೆ ಹತ್ತಿರ ಇಡಿ. ಹಾಯಿ ಒಂದು ತುದಿಯಲ್ಲಿ, ಲಂಗರು ಇನ್ನೊಂದು ತುದಿಯಲ್ಲಿ ಇದ್ದರೆ, ಹಾಯಿ ಮಡಚಿ ಓಡಿ ಬರುವಷ್ಟರಲ್ಲಿ ದ್ವೀಪ ದಾಟಿಹೋಗಿರುತ್ತದೆ. ಮಧ್ಯೆ ಪೆಟ್ಟಿಗೆ, ಗಿಡದ ಕುಂಡ, ಮೆಟ್ಟಿಲು ಅಂತ ಅಡ್ಡ ಇಟ್ಟುಕೊಂಡಿದ್ದರೆ ಇನ್ನೂ ಚೆಂದ. ದಾರಿ ತೆರವಾಗಿರಲಿ.

ಎಂಜಿನ್ ಬಂದ ಮೇಲೆ ಕೆಲಸ ಹಗುರ. ಗಾಳಿಗೆ ಎದುರಾಗಿಯೂ ಹೋಗಬಹುದು, ಹಿಂದಕ್ಕೂ ಬರಬಹುದು, ದಾಟಿಹೋದ ದ್ವೀಪಕ್ಕೆ ತಿರುಗಿ ಬರಬಹುದು. ಒಂದು ಎಂಜಿನ್ 100 ಚೌಕದವರೆಗೆ ತಳ್ಳುತ್ತದೆ, ಅದಕ್ಕಿಂತ ದೊಡ್ಡದಿದ್ದರೆ ಇನ್ನೊಂದು ಬೇಕು. ಆದರೆ ಲಂಗರು ಇಳಿಸಿ ಎಂಜಿನ್ ಆಫ್ ಮಾಡದೆ ಇಳಿದು ಹೋಗುವ ಅಭ್ಯಾಸ ಒಳ್ಳೆಯದಲ್ಲ, ಎಂಜಿನ್ನಿಗೆ ಹಾಕಿದ ಹಲಗೆ ಸುಮ್ನೆ ಉರಿದುಹೋಗುತ್ತದೆ.

ಇಳಿಯುವ ಮುಂಚೆ

ತೆಪ್ಪ ನಿಂತಿತು. ಈಗಲೂ ಹಾರಬೇಡಿ, ಒಂದು ನಿಮಿಷ. ನೀವು ಕೆಳಗಿರುವ ಹೊತ್ತಿನಲ್ಲಿ ತೆಪ್ಪದ ಮೇಲೆ ತಾನಾಗಿ ಆಗುವ ಕೆಲಸವನ್ನೆಲ್ಲ ಹಚ್ಚಿಡಿ. ನೀರು ಶುದ್ಧ ಮಾಡುವ ಪಾತ್ರೆಗೆ ಉಪ್ಪುನೀರು ಮತ್ತು ಹಲಗೆ, ಒಲೆಗೆ ಮೀನು ಅಥವಾ ಆಲೂಗಡ್ಡೆ, ಕುಲುಮೆಗೆ ಅದಿರು. ಎಲ್ಲ ಹಚ್ಚಿ ಹೋದರೆ ವಾಪಸ್ ಬರುವಾಗ ಕುಡಿಯಲು ನೀರು, ತಿನ್ನಲು ಊಟ ತಯಾರಾಗಿರುತ್ತದೆ. ಗಿಡ ಬೆಳೆಸಿದ್ದರೆ ಬೆದರುಗೊಂಬೆ ಇದೆಯಾ ನೋಡಿ, ಕಡಲಹಕ್ಕಿಗೆ ನೀವು ದೂರ ಇರುವುದೇ ಬೇಕು.

ಆಮೇಲೆ ಶಾರ್ಕ್. ನೀವು ನೀರಿಗಿಳಿದರೆ ಅದು ತೆಪ್ಪ ಬಿಟ್ಟು ನಿಮ್ಮ ಹಿಂದೆ ಬರುತ್ತದೆ. ನೀವು ದಡದ ಮೇಲೆ ಹತ್ತಿದರೆ ಅದು ಮತ್ತೆ ತೆಪ್ಪದ ಕಡೆ ಹೋಗಬಹುದು. ಎರಡು ದಾರಿ ಇವೆ. ಶಾರ್ಕ್ ಬೇಟ್, ಅಂದರೆ ಶಾರ್ಕಿಗೆ ಹಾಕುವ ಆಮಿಷದ ತಿನಿಸು, ನೀರಿಗೆ ಎಸೆದರೆ ಅದು ತಿನ್ನುತ್ತಾ ಅಲ್ಲೇ ಇರುತ್ತದೆ, ಅಷ್ಟು ಹೊತ್ತಿಗೆ ನೀವು ನಾಲ್ಕು ಸಲ ಮುಳುಗಿ ಏಳಬಹುದು. ಬೇಟನ್ನು ತೆಪ್ಪದ ಆಚೆ ಕಡೆ ಎಸೆಯಿರಿ, ದ್ವೀಪದ ಕಡೆ ಅಲ್ಲ. ಇಲ್ಲವಾದರೆ ಈಟಿ ಹಿಡಿದು ಕೊಂದೇಬಿಡಿ. ಹತ್ತಿರ ಬಂದು ಬಾಯಿ ತೆರೆದಾಗ ಚುಚ್ಚಿ ಪಕ್ಕಕ್ಕೆ ಸರಿಯಬೇಕು, ನಾಲ್ಕೈದು ಸಲ ಸತ್ತ ಮೇಲೆ ಕೈಗೆ ಹಿಡಿತ ಬರುತ್ತದೆ. ಕೊಂದ ಕೆಲವು ನಿಮಿಷಕ್ಕೆ ಹೊಸದು ಬರುತ್ತದೆ, ಆದರೆ ಆ ಕೆಲವು ನಿಮಿಷ ನೀರು ಪೂರ್ತಿ ನಿಮ್ಮದು. ಆಗಲೇ ಆಳದ ಅದಿರು ತೆಗೆಯಿರಿ, ದಡದ ಮೇಲಿನ ಮರ ಕಡಿಯುವುದನ್ನು ಆಮೇಲಕ್ಕೆ ಇಟ್ಟುಕೊಳ್ಳಿ. ಈ ತಲೆಬಿಸಿಯೇ ಬೇಡ ಅನ್ನುವವರಿಗೆ ಶಾರ್ಕ್ ದಾಳಿ ಮಾಡದ ಪೀಸ್‌ಫುಲ್ ಮೋಡ್ ಇದೆ, ನಾಚಿಕೆ ಪಡಬೇಕಾದದ್ದೇನಿಲ್ಲ.

ಬೇಗ ಈಜಲು ಕಾಲಿಗೆ ಹಾಕುವ ಫ್ಲಿಪ್ಪರ್ ಮತ್ತು ಆಕ್ಸಿಜನ್ ಬಾಟಲ್ ಎರಡೂ ಇದ್ದರೆ ಒಳ್ಳೆಯದು. ಒಂದನ್ನೇ ಮಾಡಲು ಆಗುವುದಾದರೆ ನಾನು ಫ್ಲಿಪ್ಪರ್ ಆರಿಸುತ್ತೇನೆ, ತೆಪ್ಪ ಕೈಬಿಟ್ಟು ಹೋದಾಗ ಹಿಡಿಯಲು ಉಸಿರಿಗಿಂತ ವೇಗ ಬೇಕು.

ದೊಡ್ಡ ಜಾಗಗಳಲ್ಲಿ

ದಾರಿ ತೋರಿಸುವ ರಿಸೀವರ್ ಮತ್ತು ಅದರ ಆಂಟೆನಾ ಹಾಕಿಕೊಂಡು ಆಟದ ಕಥೆ ನಡೆಯುವ ಜಾಗಗಳಿಗೆ ಹೋಗಲು ಶುರು ಮಾಡಿದ ಮೇಲೆ ಲಂಗರಿನ ಬೆಲೆ ಇನ್ನೂ ಗೊತ್ತಾಗುತ್ತದೆ. ರೇಡಿಯೋ ಟವರ್ ಬೇಗ ಮುಗಿಯುತ್ತದೆ. ವಾಸಗಾಟನ್ ಅನ್ನುವುದು ಒಂದು ಹಡಗು, ಒಳಗೆ ಕತ್ತಲೆ, ಹೊರಬರುವಷ್ಟರಲ್ಲಿ ಬೇಕಾದಷ್ಟು ಹೊತ್ತಾಗಿರುತ್ತದೆ. ಬಾಲ್ಬೋವಾ ಅಂತೂ ದೊಡ್ಡ ಕಾಡಿನ ದ್ವೀಪ, ಕರಡಿಗಳಿವೆ, ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುವುದೇ ಒಂದು ಕೆಲಸ. ಇಂಥ ಕಡೆ ಲಂಗರಿಲ್ಲದೆ ಇಳಿಯುವ ಮಾತೇ ಇಲ್ಲ. 2022ರ ಜೂನ್‌ನಲ್ಲಿ ಆಟ ಪೂರ್ತಿಯಾಗಿ ಬಿಡುಗಡೆಯಾದಾಗ ಸೇರಿದ ವರುಣಾ ಪಾಯಿಂಟ್, ಟೆಂಪರೆನ್ಸ್, ಯುಟೋಪಿಯಾಗಳಲ್ಲೂ ಅಷ್ಟೇ.

ದೊಡ್ಡ ದ್ವೀಪಕ್ಕೆ ಬಂದಾಗ ಮೊದಲು ಕಂಡ ದಡದಲ್ಲೇ ಲಂಗರು ಹಾಕಬೇಡಿ. ಎಂಜಿನ್ ಇದ್ದರೆ ಒಂದು ಸುತ್ತು ಹಾಕಿ, ಎಲ್ಲಿ ಹತ್ತಲು ಇಳಿಜಾರಿದೆ, ಎಲ್ಲಿ ಕಡಿದಾದ ಬಂಡೆ ಇದೆ ನೋಡಿಕೊಳ್ಳಿ. ಕೈತುಂಬ ಸಾಮಾನು ಹೊತ್ತು ಎರಡು ಮೂರು ಸಲವಾದರೂ ತೆಪ್ಪಕ್ಕೆ ಬಂದು ಹೋಗಬೇಕಾಗುತ್ತದೆ, ಪ್ರತಿ ಸಲ ದ್ವೀಪದ ಅರ್ಧ ಸುತ್ತು ಈಜುವುದು ಯಾರಿಗೆ ಬೇಕು. ದೊಡ್ಡ ದ್ವೀಪದ ಸುತ್ತಲಿನ ನೀರಿನಲ್ಲಿ ವಿಷದ ಮೀನೂ ಇರುತ್ತದೆ, ಹತ್ತಿರ ಹೋದರೆ ಸಿಡಿಯುತ್ತದೆ. ಮೇಲೆ ಕಲ್ಲು ಎತ್ತಿ ಹಾಕುವ ದೊಡ್ಡ ಹಕ್ಕಿ ಬೇರೆ. ಹಾಗಾಗಿ ನೀರಿನ ದಾರಿ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು, ಹತ್ತುವ ಇಳಿಜಾರಿಗೆ ನೇರ ಎದುರಿಗೆ ನಿಲ್ಲಿಸಿ.

ಲಂಗರು ಎತ್ತುವಾಗ

ಒಬ್ಬರೇ ಆಡುತ್ತಿದ್ದರೆ ಇದಕ್ಕೆ ಹೇಳುವಂಥದ್ದೇನಿಲ್ಲ. ಮೊದಲು ಹಾಯಿಯನ್ನು ಹೋಗಬೇಕಾದ ದಿಕ್ಕಿಗೆ ತಿರುಗಿಸಿ ಬಿಚ್ಚಿ, ಆಮೇಲೆ ಲಂಗರು ಎತ್ತಿ. ಉಲ್ಟಾ ಮಾಡಿದರೆ, ಅಂದರೆ ಮೊದಲು ಎತ್ತಿ ಆಮೇಲೆ ಹಾಯಿ ತಿರುಗಿಸಲು ಹೋದರೆ, ಆ ಹತ್ತು ಸೆಕೆಂಡಿನಲ್ಲೇ ತೆಪ್ಪ ದಡಕ್ಕೆ ಅಂಟಿಕೊಂಡಿರುತ್ತದೆ.

ಗೆಳೆಯರ ಜೊತೆ ಆಡುವಾಗ ಮಾತ್ರ ಒಂದು ನಿಯಮ ಮಾಡಿಕೊಳ್ಳಿ: ಲಂಗರು ಒಬ್ಬರ ಜವಾಬ್ದಾರಿ. ನಾವು ಮೂವರು ಆಡುತ್ತಿದ್ದಾಗ ಇಬ್ಬರು ನೀರಿನಡಿ ಇದ್ದರು, ಮೂರನೆಯವನು ತೆಪ್ಪದ ಮೇಲೆ ಬೇಜಾರಾಗಿ "ಹೊರಡೋಣ್ವಾ" ಅಂತ ಕೇಳಿ, ಯಾರೋ "ಹೂಂ" ಅಂದ ಹಾಗಾಯಿತು ಅಂತ ಎತ್ತಿಬಿಟ್ಟ. ಹೂಂ ಅಂದದ್ದು ನಾನು, ಇನ್ನೊಬ್ಬನ ಯಾವುದೋ ಬೇರೆ ಮಾತಿಗೆ. ಅವನು ತೆಪ್ಪ ವಾಪಸ್ ತರಲು ಹಾಯಿ ತಿರುಗಿಸುತ್ತಿದ್ದ, ನಾವಿಬ್ಬರೂ ಈಜುತ್ತಾ ಬೈಯುತ್ತಿದ್ದೆವು, ಶಾರ್ಕಿಗೆ ಮಾತ್ರ ಅವತ್ತು ಹಬ್ಬ. ಅಂದಿನಿಂದ ಎಲ್ಲರೂ ತೆಪ್ಪದ ಮೇಲೆ ಕಣ್ಣಿಗೆ ಕಾಣುವವರೆಗೆ ಯಾರೂ ಲಂಗರು ಮುಟ್ಟುವ ಹಾಗಿಲ್ಲ. ಮಾತು ನಂಬುವುದಿಲ್ಲ, ತಲೆ ಎಣಿಸುತ್ತೇವೆ.

ಇಬ್ಬರು ಎರಡು ಲಂಗರು ಎಸೆದಿದ್ದರೆ ಎರಡನ್ನೂ ಎತ್ತಬೇಕು, ಒಂದು ಕೆಳಗಿದ್ದರೂ ತೆಪ್ಪ ಅಲುಗುವುದಿಲ್ಲ. ಹಾಯಿ ಪೂರ್ತಿ ಬಿಚ್ಚಿದ್ದೀರಿ, ಗಾಳಿಯೂ ಸರಿಯಾದ ಕಡೆಗಿದೆ, ಆದರೂ ತೆಪ್ಪ ಜಪ್ಪಯ್ಯ ಅಂದರೂ ಹೋಗುತ್ತಿಲ್ಲ, ಗೇಮಿನಲ್ಲಿ ಏನೋ ಬಗ್ ಇದೆ ಅಂತ ಆಟ ಮುಚ್ಚಿ ಮತ್ತೆ ತೆರೆಯುವ ಮುಂಚೆ ಅಂಚಿಗೆ ಹೋಗಿ ಒಮ್ಮೆ ಕೆಳಗೆ ಬಗ್ಗಿ ನೋಡಿ. ನಾನು ಮೂರು ಸಲ ಆಟ ಮುಚ್ಚಿ ತೆರೆದ ಮೇಲೆ ನೋಡಿದೆ. ಹಗ್ಗ ನೀರಿನೊಳಗೆ ನೆಟ್ಟಗೆ ಇಳಿದಿತ್ತು.